ಮೊಬೈಲು ಹಿಡಿದವರೆಲ್ಲ ವರದಿಗಾರರಲ್ಲ

ಕೈಯಲ್ಲಿ ಮೊಬೈಲು ಇದ್ದವರೆಲ್ಲ ಪತ್ರಕರ್ತರೇ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಸುದ್ದಿವಾಹಿನಿಗಳು ನಿಮ್ಮೂರಿನ ಸಮಸ್ಯೆಯನ್ನು ನೀವೇ ಚಿತ್ರೀಕರಿಸಿ ಕಳಿಸಿ ಎಂದು ವಾಟ್ಸಾಪ್ ನಂಬರು ಕೊಡುತ್ತವೆ. ಪತ್ರಿಕೋದ್ಯಮದ ಕಮ್ಮಟಗಳಲ್ಲಿ ಮೊಬೈಲನ್ನು ಅಡ್ಡ ಹಿಡಿಯುವುದು ಹೇಗೆ, ಕಾಲರ್ ಮೈಕು ಯಾವುದು ಒಳ್ಳೆಯದು, ಥಂಬ್‌ನೇಲ್ ಹೇಗಿರಬೇಕು ಎಂದು ಹೇಳಿಕೊಡುತ್ತಾರೆ. ಪತ್ರಿಕಾ ದಿನಾಚರಣೆಯ ವೇದಿಕೆಗೆ ಬಂದ ಗಣ್ಯರು, ಇನ್ನು ಮುಂದೆ ಪ್ರತಿ ಪ್ರಜೆಯೂ ವರದಿಗಾರ ಎಂದು ಹೊಗಳಿ ಕೆಳಗಿಳಿಯುತ್ತಾರೆ. ಕೇಳುವುದಕ್ಕೆ ಇಂಪಾಗಿದೆ. ಆದರೆ ಈ ಮಾತು ತಪ್ಪು, ಅದರಲ್ಲೂ ಊರಿಗೆ ಹಾನಿ ಮಾಡುವ ತಪ್ಪು. ಪ್ರಜೆಗೆ ಅಧಿಕಾರ ಕೊಡುತ್ತೇವೆ ಎನ್ನುತ್ತಲೇ ಇದು ಅವನ ಬಾಯಲ್ಲಿದ್ದ ಪ್ರಶ್ನೆಯನ್ನು ಕಿತ್ತುಕೊಂಡು ಕೈಗೊಂದು ಕ್ಯಾಮೆರಾ ಕೊಟ್ಟು ಕಳಿಸುತ್ತದೆ.

ಊರಿನವರು ವರದಿ ಮಾಡಬಾರದು, ಅದಕ್ಕೆ ಪದವಿ ಬೇಕು, ಪ್ರೆಸ್ ಕಾರ್ಡು ಬೇಕು ಎನ್ನುವವರ ಪಕ್ಷ ನನ್ನದಲ್ಲ. ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಪ್ರತಿ ಪಂಚಾಯಿತಿಯ ಸಭೆಗೂ ಹೋಗಿ ಕೂತು ಕೊನೆಯವರೆಗೆ ಕೇಳುವಷ್ಟು ವರದಿಗಾರರು ಯಾವ ಪತ್ರಿಕೆಯಲ್ಲೂ ಇಲ್ಲ, ಯಾವ ಕಾಲದಲ್ಲೂ ಇರಲಿಲ್ಲ. ತಾಲ್ಲೂಕು ಕೇಂದ್ರದ ಅರೆಕಾಲಿಕ ಸುದ್ದಿಗಾರನಿಗೆ ಸಿಗುವ ಸಂಭಾವನೆಯಲ್ಲಿ ಬೈಕಿನ ಪೆಟ್ರೋಲು ಹುಟ್ಟುವುದೂ ಕಷ್ಟ. ಮೇಲಿಂದ ಹಬ್ಬಕ್ಕೆ, ವಾರ್ಷಿಕ ವಿಶೇಷಾಂಕಕ್ಕೆ ಇಷ್ಟು ಜಾಹೀರಾತು ತರಬೇಕೆಂಬ ಒತ್ತಡ. ಯಾವ ಗುತ್ತಿಗೆದಾರನ ಕೆಲಸದ ಬಗ್ಗೆ ಬರೆಯಬೇಕೋ ಅವನ ಬಳಿಯೇ ಶುಭಾಶಯದ ಜಾಹೀರಾತು ಕೇಳಬೇಕಾದವನು ಏನು ತಾನೇ ಬರೆದಾನು? ಹಾಗಾಗಿ ಊರಿನ ಸುದ್ದಿಯನ್ನು ಊರಿನವರೇ ಬರೆಯುವುದು ಅಗತ್ಯ, ತುರ್ತು. ಅದು ಇಷ್ಟು ತುರ್ತಾಗಿರುವುದರಿಂದಲೇ ಅದರ ಹೆಸರಿನಲ್ಲಿ ಏನೇನನ್ನೋ ತುಂಬುವುದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ.

2019ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಒಂದು ಹಳ್ಳಿಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ರೊಟ್ಟಿಯನ್ನು ಉಪ್ಪಿಗೆ ಅದ್ದಿಕೊಂಡು ತಿನ್ನುತ್ತಿದ್ದುದನ್ನು ಪವನ್ ಜೈಸ್ವಾಲ್ ಎಂಬ ಸ್ಥಳೀಯ ವರದಿಗಾರ ಮೊಬೈಲಿನಲ್ಲಿ ಚಿತ್ರೀಕರಿಸಿದರು. ದೇಶವೇ ಅದನ್ನು ನೋಡಿತು. ಮೊಬೈಲಿನ ಶಕ್ತಿಗೆ ಉದಾಹರಣೆ ಕೊಡುವವರು ಈ ಘಟನೆಯನ್ನು ಮೊದಲು ಎತ್ತಿಕೊಳ್ಳುತ್ತಾರೆ. ಅವರು ಬಿಟ್ಟುಬಿಡುವುದು ಇದನ್ನು: ರೊಟ್ಟಿ, ಉಪ್ಪು ತಿನ್ನುವ ಮಗು ಈ ದೇಶದ ಎಷ್ಟೋ ಮನೆಗಳಲ್ಲಿ ಇವತ್ತೂ ಇದೆ. ಆ ದೃಶ್ಯ ಬರೀ ಬಡತನದ ದೃಶ್ಯವಾಗಿ ಉಳಿಯದೆ ಸುದ್ದಿಯಾದದ್ದು ಬಿಸಿಯೂಟಕ್ಕೆ ಒಂದು ಪಟ್ಟಿ ಇದೆ ಎಂಬ ಕಾರಣಕ್ಕೆ. ಯಾವ ದಿನ ಬೇಳೆ, ಯಾವ ದಿನ ತರಕಾರಿ, ಯಾವ ದಿನ ಹಾಲು, ಯಾವ ದಿನ ಹಣ್ಣು ಎಂದು ಸರ್ಕಾರವೇ ಗೊತ್ತುಮಾಡಿದೆ, ಅದಕ್ಕೆ ಹಣವನ್ನೂ ಕೊಡುತ್ತದೆ. ಪಟ್ಟಿಯಲ್ಲಿದ್ದದ್ದಕ್ಕೂ ತಟ್ಟೆಯಲ್ಲಿದ್ದದ್ದಕ್ಕೂ ನಡುವಿನ ಅಂತರವೇ ಅಲ್ಲಿಯ ಸುದ್ದಿ. ಪಟ್ಟಿ ಗೊತ್ತಿಲ್ಲದವನು ಅದೇ ಶಾಲೆಯಲ್ಲಿ ನಿಂತು ಅದೇ ಮೊಬೈಲು ಹಿಡಿದಿದ್ದರೆ ಅಯ್ಯೋ ಪಾಪ ಎನ್ನುವ ಒಂದು ವಿಡಿಯೊ ಸಿಗುತ್ತಿತ್ತು, ಅಷ್ಟೆ.

ಜಿಲ್ಲಾಡಳಿತ ಪವನ್ ಅವರ ಮೇಲೆಯೇ ಮೊಕದ್ದಮೆ ಹೂಡಿತು. ಪತ್ರಿಕೆಯವನಾದವನು ಫೋಟೊ ತೆಗೆಯಬೇಕಿತ್ತು, ವಿಡಿಯೊ ಏಕೆ ಮಾಡಿದ ಎಂದು ಜಿಲ್ಲಾಧಿಕಾರಿ ಬಹಿರಂಗವಾಗಿ ಕೇಳಿದರು. ಆ ವರ್ಷ ಮುಗಿಯುವ ಹೊತ್ತಿಗೆ ಪೊಲೀಸರು ಅವರ ಹೆಸರನ್ನು ಪ್ರಕರಣದಿಂದ ಕೈಬಿಡಬೇಕಾಯಿತು. ಆ ತಿಂಗಳುಗಳಲ್ಲಿ ಅವರನ್ನು ಕಾಯಲು ಕ್ಯಾಮೆರಾದಿಂದ ಆಗುತ್ತಿರಲಿಲ್ಲ. ಕಾದದ್ದು ತೋರಿಸಿದ ಸಂಗತಿಯ ಸತ್ಯ, ಮತ್ತು ಅವರ ಬೆನ್ನಿಗೆ ನಿಂತ ಪತ್ರಕರ್ತ ಬಳಗ.

ನಮ್ಮೂರುಗಳ ಕಡೆ ಬರೋಣ. ಚರಂಡಿ ಕಟ್ಟಿಕೊಂಡಿದೆ. ಊರಿನ ಹುಡುಗನೊಬ್ಬ ವಿಡಿಯೊ ಮಾಡಿ, ಪಿಡಿಒ ಎಲ್ಲಿದ್ದೀರಿ, ಅಧ್ಯಕ್ಷರೇ ಕಣ್ಣು ಬಿಡಿ ಎಂದು ಕೂಗಿ ಹಾಕುತ್ತಾನೆ. ಸಾವಿರಾರು ಜನ ನೋಡುತ್ತಾರೆ. ಮಾರನೆಯ ದಿನ ಪಂಚಾಯಿತಿಯಿಂದ ಇಬ್ಬರು ಕೂಲಿಯವರು ಬಂದು ಹೂಳೆತ್ತಿ ದಂಡೆಗೆ ಹಾಕಿ ಹೋಗುತ್ತಾರೆ. ಹುಡುಗ ‘ನಮ್ಮ ವರದಿಯ ಫಲಶ್ರುತಿ’ ಎಂದು ಇನ್ನೊಂದು ವಿಡಿಯೊ ಹಾಕುತ್ತಾನೆ. ಮಳೆ ಬಂದಾಗ ಆ ಹೂಳು ಮತ್ತೆ ಚರಂಡಿಗೇ ಇಳಿಯುತ್ತದೆ. ಆ ಚರಂಡಿ ಎರಡು ವರ್ಷದ ಹಿಂದೆ ಯಾವ ಅನುದಾನದಲ್ಲಿ ಆದದ್ದು, ಕ್ರಿಯಾ ಯೋಜನೆಯಲ್ಲಿ ಎಷ್ಟು ಮೀಟರು ಎಂದಿತ್ತು, ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಎಂಜಿನಿಯರು ಎಷ್ಟು ಬರೆದರು, ಬಿಲ್ಲು ಎಷ್ಟಕ್ಕೆ ಆಯಿತು, ಇಳಿಜಾರು ಯಾವ ಕಡೆಗೆ ಕೊಟ್ಟರು, ನೀರು ಹೋಗಿ ಸೇರಬೇಕಾದ ಜಾಗದಲ್ಲಿ ಯಾರು ಮನೆ ಕಟ್ಟಿದರು? ಇದರಲ್ಲಿ ಒಂದೂ ಆ ವಿಡಿಯೊದಲ್ಲಿ ಇಲ್ಲ. ಇರಬೇಕೆಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಕಮ್ಮಟದಲ್ಲಿ ಹೇಳಿಕೊಟ್ಟದ್ದು ಕಾಲರ್ ಮೈಕಿನ ಬಗ್ಗೆ.

ಪಂಚಾಯಿತಿಯವರಿಗೆ ಇಂಥ ವಿಡಿಯೊದಿಂದ ಕಷ್ಟವೇನೂ ಇಲ್ಲ. ಒಂದು ದಿನದ ಇರಿಸುಮುರಿಸು, ಇಬ್ಬರು ಕೂಲಿಯವರ ಖರ್ಚು. ಅದೇ ಚರಂಡಿಯ ಅಳತೆ ಪುಸ್ತಕದ ನಕಲು ಕೇಳಿ ಒಂದು ಅರ್ಜಿ ಬರಲಿ, ಟೇಪು ಹಿಡಿದು ಇಬ್ಬರು ಊರವರು ಚರಂಡಿಯ ಉದ್ದ ಅಳೆಯಲಿ, ಆಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಪುಸ್ತಕದಲ್ಲಿ ಇಷ್ಟಿದೆ, ನೆಲದ ಮೇಲೆ ಇಷ್ಟಿದೆ ಎಂದು ಓದಲಿ. ಆಗ ಕಚೇರಿಯಲ್ಲಿ ನಡೆಯುವ ಗಡಿಬಿಡಿ ಬೇರೆಯೇ.

ಇದು ನನ್ನ ಕಲ್ಪನೆಯಲ್ಲ. ಈ ದೇಶದಲ್ಲಿ ಪ್ರಜೆಯ ವರದಿಗಾರಿಕೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಅತಿ ದೊಡ್ಡ ಕೆಲಸ ಆದದ್ದು ಹಳ್ಳಿಗೆ ಮೊಬೈಲು ಬರುವ ಮೊದಲು, ರಾಜಸ್ಥಾನದ ಬರಗಾಲದ ಹಳ್ಳಿಗಳಲ್ಲಿ. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರ ಪರಿಹಾರದ ಕಾಮಗಾರಿಗಳಲ್ಲಿ ಕೂಲಿ ಸರಿಯಾಗಿ ಸಿಗುತ್ತಿಲ್ಲವೆಂದು ಜಗಳ ತೆಗೆದಾಗ, ಹಾಜರಿ ಪಟ್ಟಿಯಲ್ಲಿ ನಿಮ್ಮ ಕೆಲಸ ಅಷ್ಟೇ ಇದೆ ಎಂಬ ಉತ್ತರ ಬಂತು. ಹಾಗಾದರೆ ಆ ಪಟ್ಟಿ ತೋರಿಸಿ ಎಂದರು ಕೂಲಿಯವರು. ಸರ್ಕಾರಿ ಕಾಗದ, ತೋರಿಸುವುದಿಲ್ಲ ಎಂದರು ಕಚೇರಿಯವರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ, ಅಂದರೆ ಜನರೆದುರಿನ ಬಹಿರಂಗ ವಿಚಾರಣೆ, ನಡೆಯಿತು. ಹೇಗೋ ಕೈಗೆ ಸಿಕ್ಕ ಹಾಜರಿ ಪಟ್ಟಿಯನ್ನು, ಬಿಲ್ಲುಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಆಗ ಊರು ತನ್ನ ಕಣ್ಣಾರೆ ಕಂಡದ್ದನ್ನು ಆ ಕಾಗದದ ಪಕ್ಕದಲ್ಲಿ ಇಟ್ಟು ನೋಡಿತು. ಕೆಲಸಕ್ಕೇ ಹೋಗದವರ ಹೆಸರಿಗೆ ಕೂಲಿ ಹೋಗಿತ್ತು, ಅರ್ಧಕ್ಕೆ ನಿಂತ ಕಟ್ಟಡಗಳು ಕಾಗದದಲ್ಲಿ ಪೂರ್ತಿಯಾಗಿದ್ದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಆ ಹಾದಿಯಲ್ಲಿ ಬಂದದ್ದೇ 2005ರ ಮಾಹಿತಿ ಹಕ್ಕು ಕಾಯ್ದೆ. ಓದು ಬರಹ ಬಾರದ ಕೂಲಿ ಹೆಂಗಸರು ಒಂದು ದಾಖಲೆಯನ್ನು ಓದಿಸಿ ಕೇಳಿ, ತಮ್ಮ ಅನುಭವದ ಜೊತೆ ತಾಳೆ ನೋಡಿ, ಎಲ್ಲರ ಎದುರಿನಲ್ಲಿ ಸಾಕ್ಷಿ ನುಡಿದರು. ವರದಿಗಾರಿಕೆ ಎಂದರೆ ಇನ್ನೇನು?

ಆ ಕಾಯ್ದೆಯಿಂದಾಗಿ ಅದೇ ಹಾಜರಿ ಪಟ್ಟಿ, ನಮ್ಮ ಹಳ್ಳಿಯವರು ಎನ್‌ಎಂಆರ್ ಎಂದು ಕರೆಯುವುದು, ಕೇಳಿದರೆ ಸಿಗುವ ಕಾಗದವಾಯಿತು. ಗ್ರಾಮಸಭೆ, ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ವರ್ಷಕ್ಕೊಮ್ಮೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ ಬರುತ್ತದೆ. ಹಿಂದಿನ ವರ್ಷ ಬಂದ ಹಣವೆಷ್ಟು, ಹೋದದ್ದು ಯಾವುದಕ್ಕೆ ಎಂದು ಜನರ ಮುಂದೆ ಓದಿ, ಕಾಮಗಾರಿಯ ಜಾಗಕ್ಕೇ ಹೋಗಿ ತೋರಿಸಬೇಕಾದ ದಿನ ಅದು. ಎಷ್ಟೋ ಊರುಗಳಲ್ಲಿ ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ಹನ್ನೊಂದೂವರೆಗೆ ಚಹಾ, ಬಿಸ್ಕತ್ತಿನೊಂದಿಗೆ ಮುಗಿದುಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿಗಳು ಆಮೇಲೆ ತುಂಬಿಕೊಳ್ಳುತ್ತವೆ. ಊರಿನ ಯೂಟ್ಯೂಬ್ ಚಾನೆಲ್‌ನವರು ಅಂದು ಬರುವುದಿಲ್ಲ. ಬಂದರೂ ಮೊದಲ ಐದು ನಿಮಿಷದಲ್ಲಿ ವೇದಿಕೆಯ ಗಣ್ಯರನ್ನು ಚಿತ್ರೀಕರಿಸಿಕೊಂಡು ಹೊರಡುತ್ತಾರೆ. ಊರಿನ ಸುದ್ದಿ ಎಂದು ಏನಾದರೂ ಇದ್ದರೆ ಅದು ಆ ಸಭೆಯಲ್ಲಿ, ಯಾರೂ ಓದದೆ ಮಡಚಿಟ್ಟ ಆ ಖರ್ಚಿನ ಪಟ್ಟಿಯಲ್ಲಿ ಇದೆ. ಅದನ್ನು ಓದಲು ಒಂದು ಮಧ್ಯಾಹ್ನ ಕೊಡಲಾರದವನು ಎಷ್ಟು ದೊಡ್ಡ ಮೊಬೈಲು ಹಿಡಿದರೂ ಊರಿಗೆ ಉಪಯೋಗವಿಲ್ಲ.

ಈ ಜನಪ್ರಿಯ ಮಾತು ಬರೀ ನಿರುಪಯೋಗಿಯಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಅದು ಜೀವ ತೆಗೆದಿದೆ. 2018ರ ಜುಲೈನಲ್ಲಿ ಹೈದರಾಬಾದಿನ ಕೆಲವು ಸ್ನೇಹಿತರು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಹಳ್ಳಿಯೊಂದಕ್ಕೆ ಗೆಳೆಯನ ಮನೆಗೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಗುಮಾನಿ ಎದ್ದಿತು. ಯಾರೋ ಅವರನ್ನು ಚಿತ್ರೀಕರಿಸಿ ವಾಟ್ಸಾಪ್ ಗುಂಪಿಗೆ ಹಾಕಿದರು. ಅವರ ಕಾರಿಗಿಂತ ಮೊದಲು ಆ ವಿಡಿಯೊ ಮುರ್ಕಿ ಗ್ರಾಮಕ್ಕೆ ಮುಟ್ಟಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ನಿಂತಿದ್ದ ಗುಂಪು ಕಾರಿನಲ್ಲಿದ್ದವರನ್ನು ಬಡಿಯಿತು. ಒಬ್ಬ ಯುವ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಬಂಧಿತರಲ್ಲಿ ಆ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಅದಕ್ಕೂ ಎರಡು ತಿಂಗಳ ಮೊದಲು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಬಡ ಕೂಲಿಯೊಬ್ಬನನ್ನು ಇದೇ ಗುಮಾನಿಯ ಮೇಲೆ ಹೊಡೆದು ಕೊಂದಿದ್ದರು. ಆ ದಿನಗಳಲ್ಲಿ ಹರಿದಾಡುತ್ತಿದ್ದ ‘ಮಗು ಅಪಹರಣ’ದ ವಿಡಿಯೊ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಕಿರುಚಿತ್ರದ ತುಂಡು. ಕೊನೆಯಲ್ಲಿ ಮಗುವನ್ನು ವಾಪಸು ತಂದು ಬಿಡುವ ಭಾಗವನ್ನು ಕತ್ತರಿಸಿ ಹಾಕಿದ್ದರು.

ಅದು ವದಂತಿ, ಅದನ್ನು ಪತ್ರಿಕೋದ್ಯಮಕ್ಕೆ ಯಾಕೆ ತಳಕು ಹಾಕುತ್ತೀರಿ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಪ್ರಶ್ನೆ ನೇರವಾದದ್ದು. ಮೊಬೈಲು ಇದ್ದರೆ ಸಾಕು ಎಂಬುದು ನಿಮ್ಮ ವ್ಯಾಖ್ಯಾನವಾದರೆ, ಔರಾದಿನಲ್ಲಿ ಆ ಅಪರಿಚಿತರನ್ನು ಚಿತ್ರೀಕರಿಸಿದವನನ್ನು ಯಾವ ಆಧಾರದ ಮೇಲೆ ಹೊರಗಿಡುತ್ತೀರಿ? ಅವನ ಬಳಿ ಮೊಬೈಲಿತ್ತು, ಸ್ಥಳದಲ್ಲಿದ್ದ, ಊರಿನ ಮಕ್ಕಳ ಕಾಳಜಿಯೂ ಇತ್ತು, ಎಲ್ಲರಿಗಿಂತ ಮೊದಲು ಹಾಕಿದ. ಇಲ್ಲದಿದ್ದದ್ದು ಒಂದೇ: ಆ ಮನುಷ್ಯರ ಹತ್ತಿರ ಹೋಗಿ, ನೀವು ಯಾರು, ಯಾರ ಮನೆಗೆ ಬಂದಿರಿ ಎಂದು ಕೇಳಿ, ಆ ಮನೆಯವರಿಗೆ ಒಂದು ಫೋನು ಮಾಡುವ ವ್ಯವಧಾನ. ವದಂತಿಯನ್ನೂ ವರದಿಯನ್ನೂ ಬೇರೆ ಮಾಡುವುದು ಆ ಒಂದು ಫೋನು. ಅದನ್ನು ಐಚ್ಛಿಕ ಮಾಡಿದ ಮೇಲೆ ಉಳಿದ ಯಾವ ಅಲಂಕಾರವೂ ಲೆಕ್ಕಕ್ಕಿಲ್ಲ. ಆ ಜುಲೈನಲ್ಲೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಮುಂದೆ ಕಳಿಸಬಹುದೆಂದು ಮಿತಿ ಹಾಕಿತು. ಮನುಷ್ಯರು ತಾವಾಗಿ ಹಾಕಿಕೊಳ್ಳಬೇಕಿದ್ದ ತಡೆಯನ್ನು ಯಂತ್ರ ಹಾಕಬೇಕಾಯಿತು. 2012ರ ಆಗಸ್ಟಿನಲ್ಲೂ ಹೀಗೇ ಆಗಿತ್ತು. ಹಲ್ಲೆಯ ಸುಳ್ಳು ಸುದ್ದಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ ಸರ್ಕಾರ ಸಗಟು ಎಸ್‌ಎಂಎಸ್‌ಗೆ ಮಿತಿ ಹೇರಿತ್ತು.

‘ಪ್ರತಿ ಪ್ರಜೆಯೂ ವರದಿಗಾರ’ ಎಂಬ ಘೋಷಣೆಯನ್ನು ಜಗತ್ತಿಗೆ ಕೊಟ್ಟದ್ದು ದಕ್ಷಿಣ ಕೊರಿಯಾದ ಓಮೈನ್ಯೂಸ್ ಎಂಬ ಸುದ್ದಿ ಜಾಲತಾಣ. 2000ದ ಫೆಬ್ರುವರಿಯಲ್ಲಿ ಓ ಯಾನ್ ಹೋ ಎಂಬ ಪತ್ರಕರ್ತ 727 ಪ್ರಜಾ ವರದಿಗಾರರನ್ನು ಕಟ್ಟಿಕೊಂಡು ಅದನ್ನು ಶುರು ಮಾಡಿದರು. ಘೋಷಣೆಯನ್ನು ಎಲ್ಲರೂ ಎತ್ತಿಕೊಂಡು ಹೋದರು, ಅದರ ಹಿಂದಿದ್ದ ವ್ಯವಸ್ಥೆಯನ್ನು ಅಲ್ಲೇ ಬಿಟ್ಟರು. ಅಲ್ಲಿ ವರದಿಗಾರ ತನ್ನ ನಿಜ ಹೆಸರು ಕೊಟ್ಟು ನೋಂದಾಯಿಸಿಕೊಳ್ಳಬೇಕು, ನೀತಿಸಂಹಿತೆಗೆ ಒಪ್ಪಬೇಕು. ಬಂದ ಬರಹವನ್ನು ಸಂಬಳದ ಸಂಪಾದಕರು ಓದಿ, ಪರಿಶೀಲಿಸಿ, ತಿದ್ದುತ್ತಿದ್ದರು. ಬರೆದವರಿಗೆ ಅಷ್ಟಿಷ್ಟು ಸಂಭಾವನೆಯೂ ಇತ್ತು. ನಮ್ಮ ದೇಶದ್ದೇ ಬೇಕೆಂದರೆ ಸಿಜಿನೆಟ್ ಸ್ವರ ಇದೆ. ಬಿಬಿಸಿಯಲ್ಲಿದ್ದ ಶುಭ್ರಾಂಶು ಚೌಧರಿ 2010ರಲ್ಲಿ ಛತ್ತೀಸಗಢದ ಆದಿವಾಸಿಗಳಿಗಾಗಿ ಕಟ್ಟಿದ ಫೋನು ಸುದ್ದಿ. ಗೊಂಡಿ ಮಾತನಾಡುವ ಹಳ್ಳಿಯವರು ಸಾಮಾನ್ಯ ಫೋನಿನಿಂದ ಬೆಂಗಳೂರಿನ ಒಂದು ನಂಬರಿಗೆ ಕರೆ ಮಾಡಿ ತಮ್ಮ ಸುದ್ದಿ ಹೇಳುತ್ತಿದ್ದರು. ಹೇಳಿದ್ದು ತಕ್ಷಣ ಹೊರಗೆ ಹೋಗುತ್ತಿರಲಿಲ್ಲ. ನಡುವೆ ಕೂತವರು ಕೇಳಿ, ವಿಚಾರಿಸಿ ಬಿಡುತ್ತಿದ್ದರು. ಎಷ್ಟೋ ವರದಿಗಳ ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಫೋನು ನಂಬರು ಇರುತ್ತಿತ್ತು, ಕೇಳಿದವರು ಅವರಿಗೆ ಕರೆ ಮಾಡಿ ಕೆಲಸ ಏನಾಯಿತೆಂದು ವಿಚಾರಿಸಲಿ ಎಂದು. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಿಂದ ‘ಖಬರ್ ಲಹರಿಯಾ’ ನಡೆಸುತ್ತಿರುವ ಗ್ರಾಮೀಣ ಹೆಣ್ಣುಮಕ್ಕಳು, ಅವರಲ್ಲಿ ಹಲವರು ದಲಿತರು, ಮೊದಲು ಕಲಿತದ್ದು ಪ್ರಶ್ನೆ ಕೇಳುವುದನ್ನು. ಕೈಗೆ ಮೊಬೈಲು ಬಂದದ್ದು ವರ್ಷಗಳ ನಂತರ. ಗೆದ್ದ ಪ್ರಯೋಗಗಳಲ್ಲೆಲ್ಲ ಪ್ರಜೆಯ ಜೊತೆಗೆ ಒಂದು ಶೋಧಿಸುವ ಕಣ್ಣು ಇತ್ತು.

ಇನ್ನು ವೇಗದ ವಿಷಯ. ಊರಿನವನು ದೊಡ್ಡ ಪತ್ರಿಕೆಗಿಂತ ಬೇಗ ಸುದ್ದಿ ಕೊಡುತ್ತಾನೆ, ಅದೇ ಅವನ ಬಲ ಎನ್ನುತ್ತಾರೆ. ನನಗೆ ಇದಕ್ಕಿಂತ ದೊಡ್ಡ ತಪ್ಪು ಲೆಕ್ಕ ಕಾಣುವುದಿಲ್ಲ. ಊರಿನವನ ಬಲ ಇರುವುದು ಅವನು ಅಲ್ಲೇ ಇರುತ್ತಾನೆ ಎಂಬುದರಲ್ಲಿ. ಜಿಲ್ಲಾ ವರದಿಗಾರ ಒಂದು ದಿನ ಬಂದು ಹೋಗುತ್ತಾನೆ. ಊರಿನವನು ಮುಂದಿನ ತಿಂಗಳೂ ಆ ಚರಂಡಿಯ ಮುಂದೆಯೇ ನಡೆದು ಹೋಗಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ ಕಥೆ ನೋಡಿ. 2015ರಲ್ಲಿ, ಮತ್ತೆ 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಹೊತ್ತಿಕೊಂಡಾಗ, ವರ್ತೂರಿನಲ್ಲಿ ನೊರೆ ರಸ್ತೆಗೆ ಹಾರಿ ಬಂದಾಗ ಅಕ್ಕಪಕ್ಕದ ನಿವಾಸಿಗಳು ತೆಗೆದ ಚಿತ್ರಗಳು ಜಗತ್ತು ಸುತ್ತಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ಚಿತ್ರಗಳ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು. ಆದರೆ 2018ರ ಜನವರಿಯಲ್ಲಿ ಕೆರೆ ಮತ್ತೆ ಹೊತ್ತಿ ಉರಿಯಿತು. ಶುದ್ಧೀಕರಿಸದ ಕೊಳಚೆ ಯಾವ ಕಾಲುವೆಯಿಂದ ಎಷ್ಟು ಬರುತ್ತಿದೆ, ಯಾವ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ಬರೀ ತೋರಿಕೆಗಿದೆ, ಜಲಮಂಡಳಿಯ ಘಟಕಗಳು ಮುಗಿಯಬೇಕಿದ್ದದ್ದು ಯಾವಾಗ ಎಂಬುದನ್ನು ತಿಂಗಳಿಂದ ತಿಂಗಳಿಗೆ ಕೇಳುತ್ತಾ ಹೋದವರು ಅಲ್ಲಿ ಇದ್ದರು. ಕಾಲುವೆಯ ಬಳಿ ನಿಂತು ಬರೆದಿಟ್ಟವರು, ಸಭೆ ಸಭೆಗೂ ಹೋದವರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಪ್ರಜಾ ಪತ್ರಕರ್ತರ ಸನ್ಮಾನ ಸಮಾರಂಭಗಳಿಗೆ ಅವರನ್ನು ಕರೆಯುವುದಿಲ್ಲ. ಬೆಂಕಿಯ ಚಿತ್ರ ತೆಗೆದವರನ್ನು ಕರೆಯುತ್ತಾರೆ.

ಅಲ್ಲೇ ಇರುವುದು ಬಲವಾದಂತೆ ಕಷ್ಟವೂ ಹೌದು. ಕಮ್ಮಟಗಳಲ್ಲಿ ಒಮ್ಮೆಯೂ ಚರ್ಚೆಗೆ ಬಾರದ ಸಂಗತಿ ಇದು. ಊರಿನಲ್ಲಿ ಅಪರಿಚಿತರು ಯಾರೂ ಇಲ್ಲ. ಗುತ್ತಿಗೆದಾರ ಸೋದರಮಾವನ ಮಗ, ಪಂಚಾಯಿತಿ ಸದಸ್ಯೆ ಅತ್ತಿಗೆಯ ತಂಗಿ, ನ್ಯಾಯಬೆಲೆ ಅಂಗಡಿಯವರು ಅಪ್ಪನ ಸಾಲಕ್ಕೆ ಜಾಮೀನು ನಿಂತವರು. ‘ನಮ್ಮೋರ ಮ್ಯಾಗೇ ಬರೀತೀಯೇನೋ’ ಎಂದು ಅವ್ವನೇ ಕೇಳುತ್ತಾಳೆ. ಬರೆದ ಮೇಲೆ ಮದುವೆಗೆ ಕರೆಯುವುದಿಲ್ಲ, ತೋಟಕ್ಕೆ ಹೋಗುವ ದಾರಿಗೆ ಬೇಲಿ ಬೀಳುತ್ತದೆ, ಮನೆಯ ಹೆಣ್ಣುಮಗಳ ಬಗ್ಗೆ ಮಾತು ಹುಟ್ಟುತ್ತದೆ. ಬರೆಯುವವನು ದಲಿತ ಕೇರಿಯವನಾದರೆ, ಹೆಣ್ಣಾದರೆ, ಈ ಬೆಲೆ ಎಷ್ಟೋ ಪಟ್ಟು ಹೆಚ್ಚು. ಇದನ್ನು ಎದುರಿಸುವುದು ಹೇಗೆಂದು ಹೇಳಿಕೊಡದೆ ಹುಡುಗರನ್ನು ವರದಿಗಾರರೆಂದು ಬೀದಿಗೆ ಬಿಡುವುದು ಹೊಣೆಗೇಡಿತನ. ಒಬ್ಬೊಬ್ಬರೇ ಬರೆಯಬಾರದು, ಮೂರು ನಾಲ್ಕು ಮಂದಿ, ಬೇರೆ ಬೇರೆ ಕೇರಿಯವರು ಸೇರಿ ಬರೆಯಬೇಕು. ಅರ್ಜಿ ಹಲವರ ಹೆಸರಿನಲ್ಲಿ ಹೋಗಬೇಕು. ಆರೋಪ ಯಾರ ಮೇಲಿದೆಯೋ ಅವರ ಮನೆಗೆ ಹೋಗಿ, ನಿಮ್ಮ ಮಾತೇನು ಎಂದು ಕೇಳಿ, ಅದನ್ನು ಅವರು ಹೇಳಿದಂತೆಯೇ ಹಾಕಬೇಕು. ಕೊನೆಯದನ್ನು ಸೌಜನ್ಯಕ್ಕೆಂದು ಹೇಳುತ್ತಿಲ್ಲ. ಎಷ್ಟೋ ಸಲ ಸತ್ಯದ ಅರ್ಧಭಾಗ ಆ ಮನೆಯಲ್ಲಿ ಇರುತ್ತದೆ. ನಾಳೆ ಎದುರುಬದುರು ಸಿಕ್ಕಾಗ ತಲೆ ಎತ್ತಿ ನಡೆಯಲೂ ಅದು ಬೇಕು.

ಛತ್ತೀಸಗಢದ ಬಿಜಾಪುರದಲ್ಲಿ ಮುಕೇಶ್ ಚಂದ್ರಾಕರ್ ಎಂಬ ಯುವಕ ‘ಬಸ್ತರ್ ಜಂಕ್ಷನ್’ ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅವರು ಹೊರತಂದ ಸುದ್ದಿ ಒಂದು ರಸ್ತೆ ಕಾಮಗಾರಿಯದು. 2025ರ ಜನವರಿ 3ರಂದು ಅವರ ಶವ ಒಬ್ಬ ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಬಂಧಿತನಾದ ಆ ಗುತ್ತಿಗೆದಾರ ಮುಕೇಶರ ಸಂಬಂಧಿಕನೇ. ನಮ್ಮ ಮಂಗಳೂರಿನಲ್ಲಿ 2016ರ ಮಾರ್ಚಿನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತ ವಿನಾಯಕ ಬಾಳಿಗ ಅವರನ್ನು ಅವರ ಮನೆಯ ಹತ್ತಿರವೇ ಕಡಿದು ಕೊಂದರು. ಮೊಬೈಲು ಇದ್ದರೆ ಸಾಕು ಎನ್ನುವವರು ಈ ಇಬ್ಬರ ಹೆಸರನ್ನು ನೆನಪಿಟ್ಟುಕೊಂಡು ಮಾತಾಡಬೇಕು.

ಇನ್ನೊಂದು ಜಾತಿಯ ಕೆಡುಕು ಬೆಳೆದಿದೆ. ಬೈಕಿಗೆ ಪ್ರೆಸ್ ಎಂದು ಅಂಟಿಸಿಕೊಂಡು, ಕ್ವಾರಿಗೆ, ಹಾಸ್ಟೆಲಿಗೆ, ಅಂಗನವಾಡಿಗೆ ನುಗ್ಗಿ ಚಿತ್ರೀಕರಿಸಿ, ಹಾಕಲೋ ಬೇಡವೋ ಎಂದು ದುಡ್ಡು ಕೇಳುವವರು. ಕಡಿಮೆ ಗೌರವಧನಕ್ಕೆ ದುಡಿಯುವ ಅಂಗನವಾಡಿ ಕಾರ್ಯಕರ್ತೆಯನ್ನು ಹೆದರಿಸುವುದು ಸುಲಭ, ಮೊಟ್ಟೆ ಪೂರೈಸದ ಗುತ್ತಿಗೆದಾರನನ್ನು ಕೇಳುವುದು ಕಷ್ಟ. ಇವರಿಂದಾಗಿ ನಿಜವಾಗಿ ಕೇಳಲು ಹೋದವರ ಮುಖಕ್ಕೂ ಬಾಗಿಲು ಬೀಳುತ್ತಿದೆ. ಕಸುಬಿಗೆ ಇರುವ ಕಟ್ಟುಪಾಡುಗಳನ್ನೆಲ್ಲ ತೆಗೆದು ಹಾಕಿ ಉಪಕರಣವನ್ನೇ ಅರ್ಹತೆ ಮಾಡಿದರೆ ಇಂಥವರು ಬಾರದೆ ಇನ್ಯಾರು ಬರುತ್ತಾರೆ?

ವಿಡಿಯೊ ಕಳಿಸಿ ಎನ್ನುವ ವಾಹಿನಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಕ್ಕಟೆ ದೃಶ್ಯ ಬೇಕು, ವರದಿಗಾರನ ಸಂಬಳ ಉಳಿಯಬೇಕು. ಕಳಿಸಿದ ಹುಡುಗನ ಮೇಲೆ ಮೊಕದ್ದಮೆ ಬಿದ್ದರೆ ವಕೀಲರನ್ನು ಅವರು ಕೊಡುವುದಿಲ್ಲ. ಕಾನೂನಿನ ಒಂದೆರಡು ಮಾತನ್ನಾದರೂ ಆ ಹುಡುಗನಿಗೆ ಹೇಳಿದ್ದಾರೆಯೇ? ಮಾನನಷ್ಟ ಇಂದಿಗೂ ಕ್ರಿಮಿನಲ್ ಅಪರಾಧ. ಹಳೆಯ 499, 500ನೇ ಕಲಮುಗಳು ಹೋಗಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಬಂದಿದೆ. ಹೇಳಿದ್ದು ಸತ್ಯ ಎಂದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಮುಖ, ಹೆಸರು, ಶಾಲೆ, ಮನೆ ಯಾವುದನ್ನೂ ತೋರಿಸುವಂತಿಲ್ಲವೆಂದು ಪೋಕ್ಸೊ ಕಾಯ್ದೆಯ 23ನೇ ಕಲಮು ಹೇಳುತ್ತದೆ. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಇದು ಎಷ್ಟು ಸಲ ಮುರಿಯುತ್ತದೆ ಎಂದು ಬಲ್ಲವರೇ ಬಲ್ಲರು. ನ್ಯಾಯ ಕೊಡಿಸುತ್ತೇವೆ ಎಂಬ ಹುಮ್ಮಸ್ಸಿನಲ್ಲಿ ಆ ಮಗುವಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತಾರೆ.

ಪ್ರತಿ ಪ್ರಜೆಯೂ ವರದಿಗಾರ ಎಂದು ವೇದಿಕೆಯಲ್ಲಿ ಹೇಳುವ ಅಧಿಕಾರಸ್ಥರ ಮಾತಿನ ಪೊಳ್ಳುತನ ಗೊತ್ತಾಗಬೇಕೆಂದರೆ ಸಮುದಾಯ ಬಾನುಲಿಯ ನಿಯಮ ಓದಬೇಕು. ಬಾನಿನ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಆದರೂ ಊರಿನ ಜನಕ್ಕೆ ರೇಡಿಯೊ ಪರವಾನಗಿ ಸಿಗದಿದ್ದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ‘ನಮ್ಮ ಧ್ವನಿ’ಯನ್ನು ಕಟ್ಟಿ, ಗಾಳಿಯಲ್ಲಿ ಬಿಡುವಂತಿಲ್ಲವೆಂದು ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿಸಿದರು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು, ಆದರೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಬಿತ್ತರಿಸಬಾರದೆಂಬ ಷರತ್ತು ಹಾಕಿ. ಹವಾಮಾನ, ಪೇಟೆ ಧಾರಣೆ, ಜಾತ್ರೆ ಸರಿ. ಪಂಚಾಯಿತಿಯ ದುಡ್ಡು ಎಲ್ಲಿ ಹೋಯಿತೆಂಬ ಸುದ್ದಿ ಆಗದು. ಊರು ತನ್ನದೇ ರೇಡಿಯೊದಲ್ಲಿ ತನ್ನದೇ ಸುದ್ದಿ ಓದಬಾರದೆಂದು ಕಾನೂನು ಇಟ್ಟುಕೊಂಡು, ಮೊಬೈಲಿನಲ್ಲಿ ಏನಾದರೂ ಹಾಕಿಕೊಳ್ಳಿ ಎನ್ನುವುದರ ಅರ್ಥವೇನು? ಪೇಟೆ ಧಾರಣೆ ಕೇಳಲು ಊರೆಲ್ಲ ಒಟ್ಟಾಗಿ ಹಾಕುವ ರೇಡಿಯೊದಲ್ಲಿ ಪಂಚಾಯಿತಿಯ ಲೆಕ್ಕವೂ ಬಂದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಒಬ್ಬೊಬ್ಬರೇ ಕೂಗುವ ವಿಡಿಯೊ ನಾಲ್ಕು ದಿನದಲ್ಲಿ ಕೆಳಗಿಳಿಯುತ್ತದೆ.

ಈಗಿನ ದೊಡ್ಡ ಜಗಳ ಇದಕ್ಕಿಂತ ಹತ್ತಿರದ್ದು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಮಾಹಿತಿಯನ್ನು ಕೊಡದಿರಬಹುದು ಎಂದಿತ್ತು. ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕು, ಸಂಸತ್ತಿಗೆ, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಸಾಮಾನ್ಯ ಮನುಷ್ಯನಿಗೂ ನಿರಾಕರಿಸಬಾರದು ಎಂದೂ ಅದರಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಮು ಅದನ್ನೆಲ್ಲ ತೆಗೆದು, ಖಾಸಗಿ ಮಾಹಿತಿ ಎಂಬ ಎರಡು ಪದವನ್ನಷ್ಟೇ ಉಳಿಸಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಹಾಜರಿ ಪಟ್ಟಿಯಲ್ಲಿರುವ ಹೆಸರು ಖಾಸಗಿ ಮಾಹಿತಿ. ಮನೆ ಮಂಜೂರಾದವರ ಪಟ್ಟಿ, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿಯ ಹೆಸರು, ಗುತ್ತಿಗೆದಾರನ ಹೆಸರು, ಎಲ್ಲವನ್ನೂ ಹಾಗೆಂದು ಕರೆದು ಅರ್ಜಿ ತಳ್ಳಿಹಾಕಲು ದಾರಿಯಾಯಿತು. ಕೋಟ್ ಕಿರಾನಾದಲ್ಲಿ ಗಟ್ಟಿಯಾಗಿ ಓದಿದ್ದು ಹೆಸರುಗಳನ್ನೇ. ಹೆಸರಿಲ್ಲದ ಹಾಜರಿ ಪಟ್ಟಿಯಲ್ಲಿ ಕೆಲಸಕ್ಕೆ ಹೋಗದವನನ್ನು ಪತ್ತೆ ಮಾಡುವುದು ಹೇಗೆ? ಪ್ರಜಾ ಪತ್ರಿಕೋದ್ಯಮದ ಬಗ್ಗೆ ಭಾಷಣ ಮಾಡುವವರಲ್ಲಿ ಎಷ್ಟು ಮಂದಿ ಈ ತಿದ್ದುಪಡಿಯ ವಿರುದ್ಧ ಒಂದು ಮಾತು ಆಡಿದ್ದಾರೆ?

ಇನ್ನೂ ಒಂದು ಬಾಗಿಲು ತೆರೆದಿದೆ, ಅದನ್ನು ಊರೂರಿನ ಹುಡುಗ ಹುಡುಗಿಯರಿಗೆ ಹೇಳಿಕೊಡಬೇಕು. ಮಾಹಿತಿ ಹಕ್ಕು ಕಾಯ್ದೆಯದೇ 8(2)ನೇ ಕಲಮು, ಮಾಹಿತಿ ಬಹಿರಂಗವಾಗುವುದರ ಸಾರ್ವಜನಿಕ ಹಿತ ಮುಚ್ಚಿಡುವುದರಿಂದ ಆಗುವ ರಕ್ಷಣೆಗಿಂತ ದೊಡ್ಡದಾದರೆ ಕೊಡಬಹುದೆಂದು ಹೇಳುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು, ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕಾರಣ ಹೇಳಬೇಕಿಲ್ಲ. ಆದರೆ ಹೆಸರುಗಳಿರುವ ಕಾಗದ ಕೇಳುವಾಗ 8(2)ರ ಹೆಸರೆತ್ತಿ, ಇದರಲ್ಲಿರುವ ಸಾರ್ವಜನಿಕ ಹಿತ ಇಂಥದ್ದು ಎಂದು ಎರಡು ಸಾಲು ಬರೆಯುವುದು ಒಳ್ಳೆಯದು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆಂದು ಬಂದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ನಿರಾಕರಣೆಯ ಪತ್ರ ಬಂದರೆ ಅದನ್ನು ಬಿಸಾಡಬಾರದು. ಇಂಥ ಕಾಮಗಾರಿಯ ಹಾಜರಿ ಪಟ್ಟಿ ಕೊಡಲು ಇಂಥ ಕಚೇರಿ ಇಂಥ ದಿನ ಒಪ್ಪಲಿಲ್ಲ ಎಂಬುದೂ ಸುದ್ದಿಯೇ. ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದ ಪುಟದ ಫೋಟೊವನ್ನು ಆಗ ಮೊಬೈಲಿನಲ್ಲಿ ತೆಗೆದುಕೊಳ್ಳಲಿ.